ಎಣಿಕೆ, ಅಳತೆ ಮತ್ತು ‘ಎಷ್ಟು’: ಗಡಿನಾಡಿನ ಇಂಗ್ಲಿಷ್ ತರಗತಿಯಲ್ಲಿ ಕನ್ನಡದ ನೆರವು

ಇಂಗ್ಲಿಷ್ ವ್ಯಾಕರಣದ ಪಾಠ ಸಾಮಾನ್ಯವಾಗಿ ಒಂದು ವಿಭಜನೆಯಿಂದ ಆರಂಭವಾಗುತ್ತದೆ: ಎಣಿಸಬಹುದಾದ ವಸ್ತುವಿಗೆ ‘ಮೆನಿ’, ಎಣಿಸಲಾಗದ್ದಕ್ಕೆ ‘ಮಚ್’. ಕನ್ನಡದ ವಿದ್ಯಾರ್ಥಿ ‘ಎಷ್ಟು ಪುಸ್ತಕ’ ಎನ್ನುವಂತೆಯೇ ‘ಎಷ್ಟು ಹಾಲು’ ಎಂದೂ ಕೇಳುತ್ತಾನೆ. ಇಷ್ಟನ್ನೇ ಆಧಾರವಾಗಿಟ್ಟುಕೊಂಡು ಕನ್ನಡಕ್ಕೆ ಈ ಭೇದವೇ ತಿಳಿಯದು ಎಂದು ತೀರ್ಮಾನಿಸುವುದುಂಟು. ಗಡಿಯಾಚೆಯ ಕನ್ನಡ ಮಾಧ್ಯಮ ಶಾಲೆಗಳ ಮಟ್ಟಿಗೆ ಇದು ಬರಿಯ ವ್ಯಾಕರಣದ ಮಾತಲ್ಲ. ಮಗುವಿನ ಇಂಗ್ಲಿಷ್ ತಪ್ಪಿಗೆ ಮನೆಮಾತನ್ನು ಹೊಣೆಯಾಗಿಸುವ ವಾದಕ್ಕೆ ಅದು ಸುಲಭವಾಗಿ ಒದಗುತ್ತದೆ. ತೀರ್ಮಾನವೇ ತಪ್ಪಾಗಿರುವುದರಿಂದ ಅದನ್ನು ಪರಿಶೀಲಿಸುವುದು ಅಗತ್ಯ.

‘ಕೆಲವು ಮರಗಳು’ ಎನ್ನುವ ಕನ್ನಡಿಗರು ‘ಕೆಲವು ನೀರು’ ಎನ್ನುವುದಿಲ್ಲ. ‘ಹಲವು ಊರುಗಳು’ ಉಂಟು, ‘ಹಲವು ಉಪ್ಪು’ ಇಲ್ಲ. ನೀರಿಗೆ, ಉಪ್ಪಿಗೆ ಸಲ್ಲುವುದು ‘ಸ್ವಲ್ಪ’, ‘ತುಸು’, ‘ಕೊಂಚ’. ಎಂದರೆ ಎಣಿಕೆ ಮತ್ತು ಅಳತೆಗಳ ನಡುವಣ ಗೆರೆ ಕನ್ನಡದಲ್ಲಿ ಸ್ಪಷ್ಟವಾಗಿಯೇ ಇದೆ. ‘ಎಷ್ಟು’, ‘ಬಹಳ’, ‘ಎಲ್ಲ’ ಎಂಬ ಪದಗಳಲ್ಲಿ ಮಾತ್ರ ಅದು ಕಾಣುವುದಿಲ್ಲ. ಶಾಲಾ ವ್ಯಾಕರಣಗಳು ‘ಅಷ್ಟು, ಇಷ್ಟು, ಹಲವು, ಕೆಲವು’ ಎಲ್ಲವನ್ನೂ ‘ಪರಿಮಾಣವಾಚಕ’ ಎಂಬ ಒಂದೇ ಹೆಸರಿನಡಿ ಸೇರಿಸಿದ್ದರಿಂದ ಈ ಗೆರೆ ಇನ್ನಷ್ಟು ಮಸುಕಾಯಿತು. ಆಡುಮಾತಿನಲ್ಲಿ ‘ಸ್ವಲ್ಪ ಜನ’ ಎಂಬ ಬಳಕೆ ಇದೆ, ನಿಜ. ಅಳತೆಯ ಪದ ಎಣಿಕೆಯ ಕಡೆಗೆ ದಾಟೀತು. ಎಣಿಕೆಯ ಪದ ಈಚೆಗೆ ದಾಟದು.

ನೆರೆಭಾಷೆಗಳನ್ನು ಗಮನಿಸಿದಾಗ ವಿಷಯ ಇನ್ನೂ ಸ್ವಾರಸ್ಯಕರವಾಗುತ್ತದೆ. ತಮಿಳಿನಲ್ಲಿ ಎಣಿಕೆಗೆ ‘ಎತ್ತನೈ’, ಅಳತೆಗೆ ‘ಎವ್ವಳವು’. ತೆಲುಗಿನಲ್ಲಿ ‘ಎನ್ನಿ’ ಮತ್ತು ‘ಎಂತ’. ಹೊಸೂರು, ತಾಳವಾಡಿ, ಮಡಕಶಿರಾಗಳ ಕನ್ನಡ ಮಗುವಿಗೆ ಬೀದಿಯಲ್ಲಿ ಕೇಳಿದ ಭಾಷೆಯೇ ‘ಮೆನಿ–ಮಚ್’ ಭೇದವನ್ನು ಆಗಲೇ ಕಲಿಸಿರುತ್ತದೆ. ಮಲಯಾಳದ ‘ಎತ್ರ’, ಮರಾಠಿಯ ‘ಕಿತಿ’ಗಳು ಕನ್ನಡದ ‘ಎಷ್ಟು’ವಿನಂತೆ ಎರಡಕ್ಕೂ ಸಲ್ಲುವುದರಿಂದ ಕಾಸರಗೋಡು, ಜತ್ತ, ಅಕ್ಕಲಕೋಟೆಗಳಲ್ಲಿ ಆ ದಾರಿ ಇಲ್ಲ, ಅಲ್ಲಿ ‘ಕೆಲವು–ಸ್ವಲ್ಪ’ ಜೋಡಿಯಿಂದಲೇ ತೊಡಗಬೇಕು. ತೆಲುಗಿನಲ್ಲೂ ಒಂದು ತೊಡಕಿದೆ. ಅಲ್ಲಿ ‘ನೀಳ್ಳು’, ‘ಪಾಲು’ ಎಂಬ ಪದಗಳು ರೂಪದಲ್ಲಿ ಬಹುವಚನ. ಕ್ರಿಯಾಪದವೂ ಬಹುವಚನದಲ್ಲೇ ಬರುತ್ತದೆ, ‘ಕೊನ್ನಿ ನೀಳ್ಳು’ ಎಂಬ ಮಾತೂ ಕೇಳುತ್ತದೆ. ಕನ್ನಡದ ‘ನೀರು ಇದೆ’ ಇಲ್ಲಿ ಇಂಗ್ಲಿಷಿಗೆ ಹೆಚ್ಚು ಹತ್ತಿರ.

ಹಾಗಾದರೆ ತಪ್ಪುಗಳು ಹುಟ್ಟುವುದು ಎಲ್ಲಿ? ಬಹುಪಾಲು, ಎರಡು ಭಾಷೆಗಳು ಒಂದೇ ವಸ್ತುವನ್ನು ಬೇರೆ ಬೇರೆ ಗುಂಪಿಗೆ ಸೇರಿಸುವೆಡೆಯಲ್ಲಿ. ‘ಎರಡು ಸಲಹೆ’, ‘ಮೂರು ಸುದ್ದಿ’, ‘ಮಾಹಿತಿಗಳು’ ಎಂಬುವು ಸಹಜ ಕನ್ನಡ. ಇಂಗ್ಲಿಷಿನ ‘ಅಡ್ವೈಸ್’, ‘ನ್ಯೂಸ್’, ‘ಇನ್‌ಫರ್ಮೇಶನ್’ಗಳು ಅಳತೆಯ ಪದಗಳು; ಅವಕ್ಕೆ ‘ಎ’ ಕೂಡದು, ‘ಮೆನಿ’ಯೂ ಕೂಡದು. ‘ಫರ್ನಿಚರ್’, ‘ಲಗೇಜ್’ಗಳೂ ಹಾಗೆಯೇ, ಕುರ್ಚಿಯನ್ನೂ ಪೆಟ್ಟಿಗೆಯನ್ನೂ ಕಣ್ಣೆದುರೇ ಎಣಿಸಬಹುದಾದರೂ! ಎಣಿಸಬಹುದೇ ಎಂಬ ಪ್ರಶ್ನೆ ವಸ್ತುವಿಗೆ ಸಂಬಂಧಿಸಿದ್ದಲ್ಲ, ಪದಕ್ಕೆ ಸಂಬಂಧಿಸಿದ್ದು. ಇಂಗ್ಲಿಷಿನ ಒಳಗೇ ಗೋಧಿ, ಅಂದರೆ ‘ವ್ಹೀಟ್’, ಅಳತೆಯ ಪದ. ಅದರಂಥದೇ ಧಾನ್ಯವಾದ ‘ಓಟ್ಸ್’ ಬಹುವಚನ. ಡೆನ್ಮಾರ್ಕಿನ ವಿದ್ವಾಂಸ ಆಟೋ ಯೆಸ್ಪರ್ಸನ್ 1924ರ ‘ದಿ ಫಿಲಾಸಫಿ ಆಫ್ ಗ್ರಾಮರ್’ ಗ್ರಂಥದಲ್ಲಿ ಈ ಭೇದವನ್ನು ವಿಸ್ತಾರವಾಗಿ ಚರ್ಚಿಸಿದ್ದಾನೆ.

ಅಳತೆಯ ಪದವನ್ನು ಎಣಿಕೆಗೆ ತರುವ ಉಪಾಯ ಎರಡೂ ಭಾಷೆಗಳಲ್ಲಿ ಒಂದೇ. ಒಂದು ಕಾಳು ಅಕ್ಕಿ, ಒಂದು ಹನಿ ಎಣ್ಣೆ, ಒಂದು ಚಿಟಿಕೆ ಉಪ್ಪು, ಒಂದು ತುಂಡು ಬೆಲ್ಲ ಎಂದು ಅಡುಗೆಮನೆಯಲ್ಲಿ ಕೇಳುತ್ತ ಬೆಳೆದ ಮಗುವಿಗೆ ‘ಎ ಪೀಸ್ ಆಫ್ ಅಡ್ವೈಸ್’ ವಿಚಿತ್ರವೆನಿಸಬೇಕಾಗಿಲ್ಲ. ಹೋಟೆಲಿನಲ್ಲಿ ‘ಎರಡು ಕಾಫಿ’ ಎಂದು ಹೇಳುವಾಗ ಲೋಟವೆಂಬ ಅಳತೆಯನ್ನು ನುಂಗಿಬಿಡುವುದೂ ಇಬ್ಬರ ರೂಢಿಯೇ.

ಆರ್ಟಿಕಲ್‌ಗಳ ವಿಷಯ ತುಸು ಕಠಿಣ. ‘ಎ’, ‘ಆ್ಯನ್’ ಮತ್ತು ‘ಒನ್’ ಮೂರೂ ಹಳೆಯ ಇಂಗ್ಲಿಷಿನ ಒಂದೇ ಸಂಖ್ಯಾಪದದಿಂದ ಬಂದವು. ‘ಒಂದು ಊರಿನಲ್ಲಿ ಒಬ್ಬ ರಾಜನಿದ್ದ’ ಎಂಬಲ್ಲಿ ಕನ್ನಡದ ‘ಒಬ್ಬ’ ಲೆಕ್ಕ ಹೇಳುತ್ತಿಲ್ಲ, ಕೇಳುಗನಿಗೆ ಹೊಸಬನನ್ನು ಪರಿಚಯಿಸುತ್ತಿದೆ. ಮುಂದಿನ ವಾಕ್ಯದಲ್ಲಿ ಅವನು ‘ಆ ರಾಜ’, ಇಂಗ್ಲಿಷಿನಲ್ಲಿ ‘ದಿ ಕಿಂಗ್’. ಆದರೆ ‘ಅವಳು ವೈದ್ಯೆ’ ಎಂಬಲ್ಲಿ ಕನ್ನಡಕ್ಕೆ ‘ಒಬ್ಬ’ ಬೇಡ, ಇಂಗ್ಲಿಷಿಗೆ ‘ಎ’ ಬೇಕೇ ಬೇಕು; ಮಕ್ಕಳ ಬರಹದಲ್ಲಿ ‘ಎ’ ಬಿಟ್ಟುಹೋಗಲು ಇಂಥ ವಾಕ್ಯಗಳೇ ತಕ್ಕ ಎಡೆ. ‘ದಿ’ಗೆ ಇನ್ನೊಂದು ಸುಳಿವು ವಿಭಕ್ತಿಯಲ್ಲಿದೆ. ‘ಹಾಲು ಕುಡಿದಳು’ ಎಂದರೆ ಯಾವುದೋ ಹಾಲು, ಇಂಗ್ಲಿಷಿನಲ್ಲಿ ಆರ್ಟಿಕಲ್ ಇಲ್ಲದ ‘ಮಿಲ್ಕ್’. ‘ಹಾಲನ್ನು ಕುಡಿದಳು’ ಎಂದಾಗ ಮನಸ್ಸು ಮೊದಲೇ ಪ್ರಸ್ತಾಪವಾದ ಹಾಲಿನತ್ತ ತಿರುಗುತ್ತದೆ. ಈ ಸುಳಿವು ಎಲ್ಲೆಡೆ ನಡೆಯದು. ಕರ್ಮಪದಕ್ಕೆ, ಅದರಲ್ಲೂ ಅಚೇತನ ವಸ್ತುವಿಗೆ ಮಾತ್ರ. ಗ್ರಾಂಥಿಕ ಬರಹದಲ್ಲಿ ‘ಅನ್ನು’ ಧಾರಾಳವಾಗಿ ಬರುವುದರಿಂದ ಆಡುಮಾತಿನ ವಾಕ್ಯಗಳನ್ನೇ ಉದಾಹರಣೆಗೆ ಆರಿಸಿಕೊಳ್ಳುವುದು ಮೇಲು.

‘ಎ ಫ್ಯೂ’ ಮತ್ತು ‘ಫ್ಯೂ’, ‘ಎ ಲಿಟಲ್’ ಮತ್ತು ‘ಲಿಟಲ್’ ಎಂಬ ಜೋಡಿಗಳು ಕಲಿಯುವವರನ್ನು ಬಹಳ ಕಾಡುತ್ತವೆ. ಪಠ್ಯಗಳು ಒಂದನ್ನು ಸಕಾರಾತ್ಮಕ, ಇನ್ನೊಂದನ್ನು ನಕಾರಾತ್ಮಕ ಎಂದು ಹೇಳಿ ಮುಗಿಸುತ್ತವೆ. ಕನ್ನಡದಲ್ಲಿ ಇದನ್ನು ಅವಧಾರಣೆಯ ಏಕಾರವೊಂದೇ ಬಿಡಿಸಬಲ್ಲುದು. ‘ಸಭೆಗೆ ಕೆಲವರು ಬಂದಿದ್ದರು’ ಎಂಬುದು ‘ಎ ಫ್ಯೂ’; ‘ಬಂದವರು ಕೆಲವರೇ’ ಎಂಬುದು ‘ಫ್ಯೂ’. ‘ಸ್ವಲ್ಪ ಸಮಯವಿದೆ’ ಎಂದವನು ಕುಳಿತು ಮಾತಾಡುತ್ತಾನೆ, ‘ಇರುವುದು ಸ್ವಲ್ಪವೇ ಸಮಯ’ ಎಂದವನು ಆಗಲೇ ಎದ್ದು ನಿಂತಿರುತ್ತಾನೆ.