ಚಿತ್ರಾಚಾರ್ಯ ಕೆ. ಕೆ. ಹೆಬ್ಬಾರರ ಕಲಾಭ್ಯಾಸ

ವಿಷ್ಣುಧರ್ಮೋತ್ತರ ಪುರಾಣದ ತೃತೀಯ ಖಂಡದಲ್ಲಿ ವಜ್ರನೆಂಬ ಅರಸನು ದೇವತಾಮೂರ್ತಿಗಳ ರಚನಾಕ್ರಮವನ್ನು ತಿಳಿಸಬೇಕೆಂದು ಮಾರ್ಕಂಡೇಯ ಮುನಿಯನ್ನು ಪ್ರಾರ್ಥಿಸುತ್ತಾನೆ. ಮೂರ್ತಿಯ ಲಕ್ಷಣವನ್ನು ಅರಿಯುವುದಕ್ಕೆ ಚಿತ್ರವನ್ನೂ, ಚಿತ್ರವನ್ನು ಅರಿಯುವುದಕ್ಕೆ ನೃತ್ತವನ್ನೂ, ನೃತ್ತವನ್ನು ಅರಿಯುವುದಕ್ಕೆ ವಾದ್ಯವನ್ನೂ, ವಾದ್ಯವನ್ನು ಅರಿಯುವುದಕ್ಕೆ ಗೀತವನ್ನೂ ಮೊದಲು ತಿಳಿದಿರಬೇಕೆಂಬುದು ಮುನಿಯ ಉತ್ತರ. ಈ ಖಂಡದ ಚಿತ್ರಭಾಗವನ್ನು ಸ್ಟೆಲ್ಲಾ ಕ್ರಾಮ್ರಿಶ್ ಅವರು 1924ರಲ್ಲಿ ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸಿದ ಮೇಲೆ ವಿದ್ವಾಂಸರು ಇದನ್ನು ಬಹುವಾಗಿ ಉದಾಹರಿಸಿದ್ದಾರೆ. ಆದರೆ ಶಾಸ್ತ್ರದ ಮಾತು ಒಬ್ಬ ಚಿತ್ರಕಾರನ ಅಭ್ಯಾಸದಲ್ಲಿ ಹೇಗೆ ಫಲಿಸಬಲ್ಲುದೆಂಬುದಕ್ಕೆ ನಿದರ್ಶನವು ಗ್ರಂಥಗಳಲ್ಲಿ ದೊರೆಯುವುದಿಲ್ಲ. ಅಂಥ ನಿದರ್ಶನವೊಂದನ್ನು ಕನ್ನಡ ನಾಡಿನ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ಜೀವನವು ಒದಗಿಸುತ್ತದೆ.

ಹೆಬ್ಬಾರರು ಜನಿಸಿದುದು 1911ರಲ್ಲಿ, ಉಡುಪಿಯ ಸಮೀಪದ ಕಟ್ಟಿಂಗೇರಿ ಗ್ರಾಮದಲ್ಲಿ. ಅವರ ತಂದೆ ಗಣಪತಿಯ ಮಣ್ಣಿನ ಮೂರ್ತಿಗಳನ್ನು ಮಾಡುತ್ತಿದ್ದರು. ಬಯಲಿನಲ್ಲಿ ರಾತ್ರಿಯೆಲ್ಲ ನಡೆಯುವ ಯಕ್ಷಗಾನದ ಕುಣಿತ, ವೇಷಗಳ ಬಣ್ಣ, ಚೆಂಡೆಯ ನಾದ, ಇವು ಆ ಪ್ರದೇಶದ ಮಕ್ಕಳಿಗೆ ಬಾಲ್ಯದಲ್ಲಿಯೇ ದೊರೆಯುವ ಸಂಪತ್ತು. ಹೀಗೆ ಕೈಗೆ ಮಣ್ಣಿನ ರೂಪವೂ ಕಣ್ಣಿಗೆ ನೃತ್ತದ ಗತಿಯೂ ಶಾಲೆಯ ಶಿಕ್ಷಣಕ್ಕಿಂತ ಮೊದಲೇ ಅವರಿಗೆ ಪರಿಚಿತವಾಗಿದ್ದುವು.

ಕಲೆಯ ಕ್ರಮಬದ್ಧವಾದ ಶಿಕ್ಷಣವನ್ನು ಅರಸಿ ಅವರು ಮೊದಲು ಬಂದುದು ಮೈಸೂರಿಗೆ. 1906ರಲ್ಲಿ, ಮುಂದೆ ಐದನೆಯ ಜಾರ್ಜ್ ದೊರೆಯಾದ ವೇಲ್ಸ್ ರಾಜಕುಮಾರನಿಂದ ಅಡಿಗಲ್ಲನ್ನು ಪಡೆದ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯಲ್ಲಿ ಕೈಗಾರಿಕೆಗಳೊಡನೆ ಚಿತ್ರಕಲೆಯ ಬೋಧನೆಯೂ ನಡೆಯುತ್ತಿದ್ದಿತು. ಹುಣಸೂರು, ಹೆಗ್ಗಡದೇವನಕೋಟೆಗಳ ಸೀಮೆಯ ಕಾಡುಗಳು ತೇಗಕ್ಕೂ ಬೀಟೆಗೂ ಹೆಸರಾದುವು. ಬೀಟೆಯ ಮರದಲ್ಲಿ ದಂತವನ್ನು ಕೂಡಿಸುವ ಕುಂದಣದ ಕೆಲಸವು ಆಗ ಮೈಸೂರಿನ ವಿಶೇಷವಾಗಿದ್ದಿತು. ಇಂಥ ಕುಶಲಕಲೆಗಳ ನಡುವೆ ಕೆಲಕಾಲ ಕಳೆದು ಹೆಬ್ಬಾರರು ಮುಂಬಯಿಗೆ ತೆರಳಿದರು. ಅಲ್ಲಿ ದಂಡಾವತಿಮಠರ ನೂತನ ಕಲಾಮಂದಿರದಲ್ಲಿ ಅಭ್ಯಾಸ ಮಾಡಿ, ಬಳಿಕ ಸರ್ ಜೆ. ಜೆ. ಕಲಾಶಾಲೆಯನ್ನು ಸೇರಿ 1938ರಲ್ಲಿ ಡಿಪ್ಲೊಮಾ ಪಡೆದರು. 1940ರಿಂದ 1945ರವರೆಗೆ ಅದೇ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು.

1857ರಲ್ಲಿ ಸ್ಥಾಪಿತವಾದ ಆ ಶಾಲೆಯ ಬೋಧನೆಯು ಮುಖ್ಯವಾಗಿ ಯೂರೋಪಿನ ಪದ್ಧತಿಯದು. ಎದುರಿಗಿರುವ ವಸ್ತುವನ್ನು ಅಳತೆ, ನೆರಳು, ದೂರಸಾಮೀಪ್ಯಗಳಿಗೆ ಲೋಪ ಬಾರದಂತೆ ಪಟದ ಮೇಲೆ ಇಳಿಸುವುದೇ ಅದರ ಗುರಿ. ಜಾನ್ ಗ್ರಿಫಿತ್ಸ್ ಅವರು 1872ರಿಂದ ವಿದ್ಯಾರ್ಥಿಗಳನ್ನು ಅಜಂತೆಗೆ ಕರೆದೊಯ್ದು ಭಿತ್ತಿಚಿತ್ರಗಳ ಪ್ರತಿಗಳನ್ನು ಬರೆಯಿಸಿದ್ದರೂ ಸಾದೃಶ್ಯವೇ ಪ್ರಧಾನವೆಂಬ ಮತವು ಬಹುಕಾಲ ಅಳಿಯಲಿಲ್ಲ. ಈ ವಿದ್ಯೆಯಲ್ಲಿ ಹೆಬ್ಬಾರರು ನಿಪುಣರಾದರು, ಅದನ್ನು ಇತರರಿಗೆ ಕಲಿಸುವಷ್ಟು ಅಧಿಕಾರವನ್ನೂ ಪಡೆದರು. ಆದರೆ ಕಲಿಸಿದ ವಿದ್ಯೆಯಲ್ಲಿ ಅವರಿಗೆ ತೃಪ್ತಿ ಉಳಿಯಲಿಲ್ಲ. ಅಜಂತೆಯ ರೇಖೆ, ಜೈನ ಹಸ್ತಪ್ರತಿಗಳ ಚಿತ್ರಗಳು, ಯೂರೋಪಿನ ಶಿಕ್ಷಣವನ್ನೂ ಭಾರತೀಯ ವಸ್ತುವನ್ನೂ ಬೆಸೆದ ಅಮೃತಾ ಶೇರ್‌ಗಿಲ್ ಅವರ ಕೃತಿಗಳು ಅವರನ್ನು ಬೇರೊಂದು ಹಾದಿಗೆ ಸೆಳೆದುವು. ಮಲೆಯಾಳ ಸೀಮೆಯ ಪ್ರವಾಸದ ಫಲವಾಗಿ ಬಂದ ಚಿತ್ರಗಳಲ್ಲಿ ನೆರಳುಬೆಳಕಿನ ಸೂಕ್ಷ್ಮಕ್ಕಿಂತ ಸಮತಲವಾದ ಬಣ್ಣಕ್ಕೂ ಹೊರರೇಖೆಗೂ ಹೆಚ್ಚಿನ ಪ್ರಾಶಸ್ತ್ಯವಿದೆ.

ಅಧ್ಯಾಪಕನಾದ ಚಿತ್ರಕಾರನಿಗೆ ಇದು ಕಠಿನವಾದ ಸಂದರ್ಭ. ತಾನು ಸಂದೇಹಿಸುವ ಕ್ರಮವನ್ನೇ ಪ್ರತಿದಿನವೂ ಶಿಷ್ಯರಿಗೆ ಹೇಳಿಕೊಡಬೇಕು. ಅದನ್ನು ಬಿಟ್ಟರೆ ಜೀವನೋಪಾಯವು ಅನಿಶ್ಚಿತವಾಗುತ್ತದೆ. 1945ರಲ್ಲಿ ಹೆಬ್ಬಾರರು ಅಧ್ಯಾಪಕವೃತ್ತಿಯಿಂದ ಹೊರಬಂದು ಸ್ವತಂತ್ರ ಕಲಾವಿದರಾದರು. 1949ರಲ್ಲಿ, ಮೂವತ್ತೆಂಟರ ವಯಸ್ಸಿನಲ್ಲಿ, ಪ್ಯಾರಿಸಿಗೆ ಹೋಗಿ ಅಕಾಡೆಮಿ ಜೂಲಿಯಾದಲ್ಲಿ ವರ್ಣಚಿತ್ರವನ್ನೂ ಎಕೋಲ್ ಎಸ್ತಿಯೆನ್‌ನಲ್ಲಿ ಮುದ್ರಣಚಿತ್ರವನ್ನೂ ಅಭ್ಯಾಸ ಮಾಡಿದರು. ಐದು ವರ್ಷ ಗುರುವಾಗಿದ್ದವರು ಪುನಃ ವಿದ್ಯಾರ್ಥಿಗಳ ಸಾಲಿನಲ್ಲಿ ಕುಳಿತರು.

ಚಿತ್ರಕಾರನೂ ಉಪಾಧ್ಯಾಯನೂ ಒಬ್ಬನೇ ಆಗಿರುವುದು ಇತರ ದೇಶಗಳ ಚರಿತ್ರೆಯಲ್ಲಿಯೂ ಕಾಣುತ್ತದೆ. ಸ್ಪೇನ್ ದೇಶದ ಸೆವಿಲ್ಲೆ ನಗರದಲ್ಲಿದ್ದ ಫ್ರಾನ್ಸಿಸ್ಕೊ ಪಾಚೆಕೊ (1564–1644) ಮಹಾಚಿತ್ರಕಾರ ವೆಲಾಸ್ಕೆಸನ ಗುರು. 1618ರಲ್ಲಿ ತನ್ನ ಮಗಳನ್ನು ಅವನಿಗೆ ಕೊಟ್ಟು ಮದುವೆ ಮಾಡಿದನು. ತನ್ನ ಕಲಾನುಭವವನ್ನೆಲ್ಲ ಅವನು ಒಂದು ಶಾಸ್ತ್ರಗ್ರಂಥದಲ್ಲಿ ಸಂಗ್ರಹಿಸಿದನು. ಅದು ಅವನ ಮರಣಾನಂತರ, 1649ರಲ್ಲಿ, ಪ್ರಕಟವಾಯಿತು. ಆದರೂ ಪಾಚೆಕೊವಿನ ಕೀರ್ತಿಗೆ ಶಿಷ್ಯನೇ ಮುಖ್ಯ ಕಾರಣ. ಹೆಬ್ಬಾರರ ಕೀರ್ತಿಗಾದರೋ ಅವರು ತಾವೇ ಕಡೆಯವರೆಗೂ ಕಾಪಾಡಿಕೊಂಡ ಶಿಷ್ಯಭಾವವು ಕಾರಣ.

ಈ ಶಿಷ್ಯಭಾವದ ವಿಶಿಷ್ಟವಾದ ಗುರುತು ಅವರ ನೃತ್ಯಾಭ್ಯಾಸ. ಲಯದ ಮರ್ಮವನ್ನು ತಿಳಿಯಬೇಕೆಂದು ಅವರು ಪಂಡಿತ ಸುಂದರ ಪ್ರಸಾದರಲ್ಲಿ ಕಥಕ್ ನೃತ್ಯವನ್ನು ಕಲಿತರು. ರಂಗವನ್ನೇರುವುದು ಅವರ ಉದ್ದೇಶವಾಗಿರಲಿಲ್ಲ. ನರ್ತಕನ ಮೈ ತಾಳಕ್ಕೆ ಬಾಗುವ ಬಗೆಯನ್ನು ತಮ್ಮ ಮೈಯಿಂದಲೇ ಅರಿಯುವುದು ಅವರಿಗೆ ಬೇಕಾಗಿದ್ದಿತು. ಅದರ ಫಲವು ಅವರ ರೇಖಾಚಿತ್ರಗಳಲ್ಲಿ ಪ್ರಕಟವಾಗಿದೆ. ನರ್ತಕಿಯರನ್ನೂ ವಾದಕರನ್ನೂ ಅವರು ಕೆಲವೇ ಗೆರೆಗಳಿಂದ ಚಿತ್ರಿಸುತ್ತಾರೆ. ಗೆರೆಯು ಅಂಗದ ಎಲ್ಲೆಯನ್ನು ಸೂಚಿಸುವುದರೊಡನೆ ಅದರ ಚಲನವನ್ನೂ ತೋರಿಸುತ್ತದೆ. 1964ರಲ್ಲಿ ಹೊರಬಂದ ರೇಖಾಚಿತ್ರಗಳ ಸಂಪುಟಕ್ಕೆ ‘ಹಾಡುವ ರೇಖೆ’ ಎಂಬರ್ಥದ ಇಂಗ್ಲಿಷ್ ಹೆಸರನ್ನಿಟ್ಟಿರುವುದು ಸಾರ್ಥಕವಾಗಿದೆ. ಮಾರ್ಕಂಡೇಯನು ಹೇಳಿದ ಗೀತ, ವಾದ್ಯ, ನೃತ್ತ, ಚಿತ್ರಗಳ ಸಂಬಂಧವು ಇಲ್ಲಿ ಕಣ್ಣಿಗೆ ಗೋಚರವಾಗುತ್ತದೆ.

1956ರಿಂದ 1958ರವರೆಗೆ ಮೂರು ವರ್ಷ ರಾಷ್ಟ್ರಪ್ರಶಸ್ತಿಯೂ, 1961ರಲ್ಲಿ ಪದ್ಮಶ್ರೀಯೂ, 1989ರಲ್ಲಿ ಪದ್ಮಭೂಷಣವೂ ಹೆಬ್ಬಾರರಿಗೆ ಸಂದುವು. 1996ರಲ್ಲಿ ಅವರು ನಿಧನ ಹೊಂದಿದರು. ಅವರು ನೀಡಿದ ಕೃತಿಗಳ ಸಂಗ್ರಹವು ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಗೆ ಸೇರಿದೆ.

ಸಾಹಿತ್ಯದ ಉಪಾಧ್ಯಾಯರಿಗೆ ಈ ಜೀವನವು ಅಪರಿಚಿತವೆನಿಸದು. 1926ರಲ್ಲಿ ಪ್ರಕಟವಾದ ‘ಇಂಗ್ಲಿಷ್ ಗೀತಗಳು’ ಎಂಬ ಸಂಕಲನದಲ್ಲಿ ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ಪರದೇಶದ ಭಾವಗಳಿಗೆ ಕನ್ನಡದ ಲಯಗಳಲ್ಲಿ ನೆಲೆಯನ್ನು ಹುಡುಕಿದರು. ಹೆಬ್ಬಾರರು ಪರದೇಶದ ವಿದ್ಯೆಯಲ್ಲಿ ನುರಿತ ಕೈಗೆ ಈ ನಾಡಿನ ಲಯವನ್ನು ಹುಡುಕಿದರು. ಇಬ್ಬರೂ ಉಪಾಧ್ಯಾಯರು; ಕಲಿತುದನ್ನು ತಳ್ಳಿಹಾಕದೆ, ಅದರಲ್ಲಿಯೇ ನಿಂತುಬಿಡದೆ ಮುಂದುವರಿದವರು. ಜೆ. ಜೆ. ಶಾಲೆಯ ಅಳತೆಯ ಶಿಕ್ಷಣವಿಲ್ಲದಿದ್ದರೆ ಹೆಬ್ಬಾರರ ಗೆರೆಗೆ ಆ ದೃಢತೆ ಬರುತ್ತಿರಲಿಲ್ಲ. ಯಕ್ಷಗಾನ, ಕಥಕ್‌ಗಳ ಸಂಸ್ಕಾರವಿಲ್ಲದಿದ್ದರೆ ಅದಕ್ಕೆ ಗತಿಯು ದೊರೆಯುತ್ತಿರಲಿಲ್ಲ. ಚಿತ್ರವನ್ನು ಕಲಿಸುವ ಶಾಲೆಗಳಲ್ಲಿ ಗೀತ ನೃತ್ತಗಳಿಗೂ, ಕಾವ್ಯವನ್ನು ಕಲಿಸುವ ಶಾಲೆಗಳಲ್ಲಿ ಚಿತ್ರಕ್ಕೂ ಸ್ಥಾನವಿರಬೇಕೆಂಬ ವಾದಕ್ಕೆ ಇದಕ್ಕಿಂತ ಹತ್ತಿರದ ಪ್ರಮಾಣವನ್ನು ಕನ್ನಡಿಗರು ಹುಡುಕಬೇಕಾಗಿಲ್ಲ.