ಮಾತಾಡುವ ಫೋನು, ಮೂಕ ಚಿತ್ರ

ಕಿವಿಯೂ ವಿದ್ಯೆಯ ಹೆಬ್ಬಾಗಿಲಾಗಬಲ್ಲುದೆಂಬುದಕ್ಕೆ ನಿದರ್ಶನ ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು (1892–1944), ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಕಣ್ಣಿಲ್ಲದೆಯೇ ಸಂಗೀತದ ಮಹಾಗುರುಗಳಾದರು. ಆದರೆ ಅಂಥ ಆಶ್ರಮವಾಗಲಿ, ಬೇಕೆಂದಾಗ ಓದಿ ಹೇಳುವ ಸಂಗಾತಿಯಾಗಲಿ ಎಲ್ಲರಿಗೂ ದೊರೆಯುವುದಿಲ್ಲ. ಈ ಕೊರತೆಯನ್ನು ಇಂದು ಕಿಸೆಯಲ್ಲಿರುವ ಸ್ಮಾರ್ಟ್‌ಫೋನು ಬಹುಮಟ್ಟಿಗೆ ತುಂಬಬಲ್ಲುದು. ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ; ನನ್ನದೇ ಒಂದು ತಪ್ಪಿನಿಂದ ಕಲಿತೆನು.

ನನ್ನ ಸಹಪಾಠಿಯೊಬ್ಬನಿಗೆ ಎರಡೂ ಕಣ್ಣು ಕಾಣವು. ಸುರಪುರದಲ್ಲಿ ಬಸ್ಸು ಹತ್ತಿ, ಶಹಾಪುರ ಹಾದು, ಭೀಮಾ ಸೇತುವೆ ದಾಟಿ ಯಾದಗಿರಿಗೆ ಬರುತ್ತಾನೆ. ಕಳೆದ ವರ್ಷ ಒಂದು ಕಿರುಪರೀಕ್ಷೆ ಎರಡು ದಿನ ಮುಂಚಿತವಾಗಿ ನಡೆಯುವುದೆಂದು ನೋಟೀಸು ಬಂದಿತು. ತರಗತಿಯ ಪ್ರತಿನಿಧಿಯಾದ ನಾನು ಅದರ ಫೋಟೋ ತೆಗೆದು ಎಲ್ಲರಿಗೂ ವಾಟ್ಸಾಪಿನಲ್ಲಿ ಕಳಿಸಿ, ಕರ್ತವ್ಯ ಮುಗಿಯಿತೆಂದು ಸುಮ್ಮನಾದೆ. ಅವನು ಹಳೆಯ ದಿನಕ್ಕೇ ಬಂದನು. ಪರೀಕ್ಷೆ ಮುಗಿದುಹೋಗಿತ್ತು.

“ನಾ ಕಳಿಸಿದ್ದೆನಲ್ಲೋ!” ಎಂದೆ.

“ನೀ ಕಳಿಸಿದ್ದು ಫೋಟೋ ಅಲ್ಲೇನಪಾ? ನನ್ನ ಫೋನು ‘ಫೋಟೋ’ ಅಂತ ಅಂದು ಸುಮ್ಮನಾತು. ಫೋಟೋಕ್ಕ ಬಾಯಿ ಎಲ್ಲೈತಿ?” ಎಂದನು.

ಗುರುಗಳು ದಯೆಯಿಟ್ಟು ಅವನಿಗೆ ಬೇರೆ ದಿನ ಪರೀಕ್ಷೆ ಕೊಟ್ಟರು. ಆದರೂ ನನ್ನ ಮನಸ್ಸಿನ ಮುಳ್ಳು ಹೋಗಲಿಲ್ಲ. ಅಂದು ಸಂಜೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು, ಅವನ ಫೋನು ಹೇಗೆ ಓದುತ್ತದೆಂಬುದನ್ನು ಅವನಿಂದಲೇ ತಿಳಿದುಕೊಂಡೆನು.

ಆಂಡ್ರಾಯ್ಡ್ ಫೋನಿನಲ್ಲಿ ‘ಟಾಕ್‌ಬ್ಯಾಕ್’ ಎಂಬ ಸೌಕರ್ಯವಿದೆ. ಐಫೋನಿನಲ್ಲಿ ಇದೇ ಕೆಲಸ ಮಾಡುವ ‘ವಾಯ್ಸ್‌ಓವರ್’ 2009ರಲ್ಲಿಯೇ ಬಂದಿತು. ಇವಕ್ಕೆ ಬೇರೆ ಹಣ ಕೊಡಬೇಕಾಗಿಲ್ಲ. ಫೋನಿನ ಸೆಟ್ಟಿಂಗಿನಲ್ಲಿ ‘ಆಕ್ಸೆಸಿಬಿಲಿಟಿ’ ಎಂಬಲ್ಲಿ ಇವನ್ನು ಚಾಲೂ ಮಾಡಬೇಕು. ಓದುವ ದನಿಗೆ ಕನ್ನಡವನ್ನೂ ಆರಿಸಿಕೊಳ್ಳಬಹುದು. ಆಮೇಲೆ ಬೆರಳಿನ ನಡೆಯೇ ಬದಲಾಗುತ್ತದೆ. ಒಮ್ಮೆ ಮುಟ್ಟಿದರೆ ಅಲ್ಲಿ ಏನಿದೆಯೆಂಬುದನ್ನು ಫೋನು ನುಡಿಯುತ್ತದೆ. ಬೇಗನೆ ಎರಡು ಸಲ ತಟ್ಟಿದರೆ ಅದು ತೆರೆಯುತ್ತದೆ. ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನದು, ಎಡಕ್ಕೆ ಸರಿಸಿದರೆ ಹಿಂದಿನದು. ಪುಟ ಸರಿಸಲು ಆಂಡ್ರಾಯ್ಡಿನಲ್ಲಿ ಎರಡು ಬೆರಳು ಬೇಕು. ನನಗೆ ಹತ್ತು ನಿಮಿಷ ಹಿಡಿದ ಕೆಲಸವನ್ನು ಅವನು ಅರೆಗಳಿಗೆಯಲ್ಲಿ ಮಾಡಿ ನಕ್ಕನು. ಗುಟ್ಟಿನ ಸಂಖ್ಯೆ ಒತ್ತುವಾಗ ಮಾತ್ರ ಕಿವಿಗೆ ಇಯರ್‌ಫೋನು ಹಾಕಿಕೊಳ್ಳುತ್ತಾನೆ. ಟೈಪು ಮಾಡುವ ಬದಲು ಮಾತಾಡಿ ಕನ್ನಡ ಬರೆಸುತ್ತಾನೆ.

ಅರೆಗಣ್ಣು ಕಾಣುವವರಿಗೆ ಇಷ್ಟೆಲ್ಲ ಬೇಕಾಗದಿರಬಹುದು. ಅಕ್ಷರಗಳನ್ನು ಹಿಗ್ಗಿಸುವುದು, ಪರದೆಯ ಒಂದು ಭಾಗವನ್ನು ಭೂತಗನ್ನಡಿಯಂತೆ ದೊಡ್ಡದು ಮಾಡುವುದು, ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ಅಕ್ಷರ ತೋರಿಸುವುದು – ಇವೂ ಅದೇ ಸೆಟ್ಟಿಂಗಿನಲ್ಲಿವೆ. ಕಣ್ಣಿನ ಪೊರೆ ಬಂದ ಮನೆಯ ಹಿರಿಯರಿಗೂ ಇವುಗಳಿಂದ ಅನುಕೂಲ. ನೋಟುಗಳನ್ನು ಗುರುತಿಸಲು ರಿಸರ್ವ್ ಬ್ಯಾಂಕು 2020ರ ಜನವರಿ 1ರಂದು ‘ಮಣಿ’ ಎಂಬ ಆ್ಯಪ್ ಹೊರತಂದಿತು. ಕ್ಯಾಮರಾದ ಮುಂದೆ ನೋಟು ಹಿಡಿದರೆ ಅದು ಬೆಲೆಯನ್ನು ನುಡಿಯುತ್ತದೆ. ನೋಟು ಖರೆಯೋ ಖೊಟ್ಟಿಯೋ ಎಂಬುದನ್ನು ಮಾತ್ರ ಹೇಳಲಾರದು.

ಇಷ್ಟೆಲ್ಲ ಇದ್ದರೂ ನನ್ನ ನೋಟೀಸು ಅವನಿಗೇಕೆ ಮುಟ್ಟಲಿಲ್ಲ? ಫೋನು ಓದುವುದು ಅಕ್ಷರವನ್ನು. ಫೋಟೋದಲ್ಲಿರುವುದು ಅಕ್ಷರದ ನೆರಳು. ಚಿತ್ರದಿಂದ ಅಕ್ಷರ ಹೆಕ್ಕುವ ಆ್ಯಪ್‌ಗಳಿವೆ, ನಿಜ. ಆದರೆ ಸೊಟ್ಟಗೆ ತೆಗೆದ, ಮೇಲೆ ಸಿಕ್ಕೆ ಬಿದ್ದ ಕಾಗದದಲ್ಲಿ ಅವು ತಪ್ಪುವುದುಂಟು. ತಾರೀಖಿನ ಒಂದು ಅಂಕಿ ತಪ್ಪಿದರೆ ಗತಿಯೇನು?

ನಮ್ಮ ಕನ್ನಡಕ್ಕೇ ಅಂಟಿದ ಇನ್ನೊಂದು ತೊಡಕಿದೆ. ಯುನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪು ಮಾಡಿದ್ದು ಕಣ್ಣಿಗೆ ಕನ್ನಡವಾಗಿ ಕಂಡರೂ ಗಣಕದ ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತವಾಗಿಯೇ ಉಳಿದಿರುತ್ತದೆ. ಓದುವ ಯಂತ್ರಕ್ಕೆ ರೂಪ ಕಾಣದು, ಸಂಕೇತವಷ್ಟೇ ಸಿಕ್ಕುತ್ತದೆ; ಆದುದರಿಂದ ಅರ್ಥವಿಲ್ಲದ ಗದ್ದಲವನ್ನು ನುಡಿಯುತ್ತದೆ. ಅದೇ ಬರಹವನ್ನು ಯುನಿಕೋಡಿಗೆ ಪರಿವರ್ತಿಸಿ ಕೊಟ್ಟರೆ ಸರಾಗವಾಗಿ ಓದುತ್ತದೆ.

ವಿದ್ಯಾರ್ಥಿಮಿತ್ರರೇ, ಯಂತ್ರವು ತನ್ನ ಪಾಲಿನ ಕೆಲಸ ಮಾಡಿದೆ. ಉಳಿದುದು ಕಣ್ಣುಳ್ಳವರ ಪಾಲು. ನೋಟೀಸನ್ನು ಟೈಪು ಮಾಡಿ ಕಳಿಸೋಣ. ಟಿಪ್ಪಣಿಗಳನ್ನು ಯುನಿಕೋಡಿನಲ್ಲಿ ಬರೆಯೋಣ. ಚಿತ್ರವನ್ನೇ ಕಳಿಸಬೇಕಾದರೆ ಅದರಲ್ಲಿ ಏನಿದೆಯೆಂದು ಕೆಳಗೊಂದು ಸಾಲು ಸೇರಿಸೋಣ. ಇದಕ್ಕೆ ಹಿಡಿಯುವುದು ಎರಡು ನಿಮಿಷ. ಆ ಎರಡು ನಿಮಿಷವನ್ನು ನಾನು ಉಳಿಸಿದ್ದರಿಂದ ನನ್ನ ಗೆಳೆಯನು ಸುರಪುರದಿಂದ ಯಾದಗಿರಿಯವರೆಗೆ ವ್ಯರ್ಥವಾಗಿ ಬಂದನು. ಈಗ ನಾನು ಟೈಪು ಮಾಡಿಯೇ ಕಳಿಸುತ್ತೇನೆ. ಹಲವು ಸಲ ಎಲ್ಲರಿಗಿಂತ ಮೊದಲು “ಮುಟ್ಟಿತು” ಎಂದು ಉತ್ತರ ಬರುವುದು ಅವನಿಂದಲೇ.