ಕೊಹಿನೂರಿನಲ್ಲಿ ನೋಡಿದ ‘ಚೆಲುವಿ’

ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರಿನಲ್ಲಿ, ಪರಿಚಯದವರ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟು ಗಿರೀಶ ಕಾರ್ನಾಡರ ‘ಚೆಲುವಿ’ ಹಚ್ಚಿದೆವು. ಚಿತ್ರ ಹಿಂದಿಯದು. ಉರ್ದು, ಮರಾಠಿ ಕೇಳುತ್ತಲೇ ಬೆಳೆದ ಈ ಸೀಮೆಯವರಿಗೆ ಅದು ತೊಡಕಾಗಲಿಲ್ಲ. ಚೆಲುವಿಯ ಪಾತ್ರದ ಸೋನಾಲಿ ಕುಲಕರ್ಣಿ ಮರವಾಗಲು ಕಣ್ಣುಮುಚ್ಚಿ ಕೂತಿದ್ದೇ ತಡ, ಮನೆಯ ಅಜ್ಜಿ ಮುಂದೆ ಬಾಗಿದರು: ‘ನೀರಿಗಿ ಉಗುರ ತಾಕಬಾರ್ದು ತಮ್ಮಾ!’

ನಾನು ಬೆರಗಾದೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಕಥೆಯಲ್ಲೂ ಇದೇ ಕಟ್ಟಳೆ ಇದೆ. ಎರಡು ಕೊಡ ನೀರು ತರಬೇಕು, ಉಗುರು ತಾಗಬಾರದು. ಒಂದನ್ನು ಸುರಿದರೆ ಹುಡುಗಿ ಹೂಮರ, ಇನ್ನೊಂದನ್ನು ಸುರಿದರೆ ಮತ್ತೆ ಹುಡುಗಿ. ತುಂಬಿದ ಕೊಡ ಎತ್ತುವಾಗ ಹೆಬ್ಬೆರಳು ಕಂಠದೊಳಗೆ ಹೋಗೇ ಹೋಗುತ್ತದೆ. ಅದನ್ನು ಹೊರಗಿಡಬೇಕಾದರೆ ಮೈಯೆಲ್ಲ ಎಚ್ಚರವಿರಬೇಕು. ಅಜ್ಜಿ ಎದ್ದುಹೋಗಿ ಖಾಲಿ ಕೊಡ ತಂದು, ಅಂಗೈ ಎರಡನ್ನೂ ಅದರ ಹೊಟ್ಟೆಗೆ ಒತ್ತಿ, ಬೆರಳು ಹೊರಚಾಚಿ ಎತ್ತಿ ತೋರಿಸಿದರು. ನನ್ನ ಮಟ್ಟಿಗೆ ಕಥೆಯ ಜೀವ ಅಲ್ಲೇ ಇದೆ. ಮುಂದೆ ಅವಳು ಅರಸನ ಸೊಸೆಯಾಗಿ, ನಾದಿನಿಯ ಗುಂಪು ಮರವಾದ ಅವಳ ಕೊಂಬೆ ಮುರಿದು ಹೋದಾಗ ಇಲ್ಲವಾದದ್ದು ಆ ಎಚ್ಚರವೇ.

1992ರ ಈ ಚಿತ್ರಕ್ಕೆ ಪರಿಸರ ಸಂರಕ್ಷಣೆಯ ರಾಷ್ಟ್ರಪ್ರಶಸ್ತಿ ಬಂತು, ಮರುವರ್ಷ ಕಾನ್ ಚಿತ್ರೋತ್ಸವಕ್ಕೂ ಹೋಯಿತು. ಕಾರ್ನಾಡರು ಕಥೆಯ ಅರಸನನ್ನು ಊರಗೌಡನನ್ನಾಗಿಸಿದರು, ಆ ಪಾತ್ರವನ್ನು ತಾವೇ ಮಾಡಿದರು. ಕೊನೆಯನ್ನೂ ಬದಲಿಸಿದರು: ಚೆಲುವಿಯ ಮುರಿದ ಮೈ ಕೂಡಿಬರುವುದಿಲ್ಲ. ‘ಕಥಿ ಮುಗೀಲಿಲ್ಲಲ್ಲಾ’ ಎಂದರು ಅಜ್ಜಿ. ಅವರ ಕಥೆಯಲ್ಲಿ ಗಂಡ ಮುರಿದ ಟೊಂಗೆಗಳನ್ನು ಜೋಡಿಸಿ ಕಟ್ಟಿ ನೀರು ಹಾಕುತ್ತಾನೆ, ಹುಡುಗಿ ಇಡಿಯಾಗಿ ಏಳುತ್ತಾಳೆ. ಕಾಡು ಕಡಿದವರಿಗೆ ಸಮಾಧಾನದ ಕೊನೆ ಕೊಡಬಾರದೆಂಬ ಕಾರ್ನಾಡರ ಹಟ ನನಗೆ ಒಪ್ಪಿಗೆ. ಆದರೂ ಹೆಂಗಸರು ಹೆಂಗಸರಿಗೆ ಹೇಳುತ್ತ ಬಂದ ಕಥೆ ಇದು. ಅದರಲ್ಲಿ ಹುಡುಗಿಯೇ ತನಗಾದದ್ದನ್ನು ಗಂಡನಿಗೆ ಹೇಳಿ ಮೈ ಪಡೆಯುತ್ತಾಳೆ. ಹಾಗಾಗಿ ನಾನು ಅಜ್ಜಿಯ ಕಡೆ.

ಹೀಗೆ ಅಜ್ಜಿಕಥೆ ತೆರೆಗೆ ಬಂದದ್ದು ಬೇರೆ ದೇಶದಲ್ಲೂ ಉಂಟು. ಚೆಕ್ ನಿರ್ದೇಶಕ ವಾತ್ಸ್ಲಾವ್ ವೊರ್ಲಿಚೆಕ್ 1973ರಲ್ಲಿ ಸಿಂಡ್ರೆಲ್ಲಾ ಕಥೆಯನ್ನು ‘ಸಿಂಡ್ರೆಲ್ಲಾಗೆ ಮೂರು ಕಾಯಿ’ ಎಂಬ ಚಿತ್ರವಾಗಿಸಿದರು. ನಮ್ಮಲ್ಲೂ ಒಬ್ಬಳು ಸಿಂಡ್ರೆಲ್ಲಾ ಇದ್ದಾಳೆ. ಮಣ್ಣಿನ ಮುಖವಾಡ ತೊಟ್ಟ ಆ ‘ಹಂಚಿ’ಯ ಕಥೆಯನ್ನೂ ದಾಖಲಿಸಿದವರು ರಾಮಾನುಜನ್ನರೇ. ಚೆಕ್ ಚಿತ್ರ ನಾರ್ವೆಯಲ್ಲಿ ಪ್ರತಿ ಕ್ರಿಸ್‌ಮಸ್‌ಗೆ ಟಿ.ವಿ.ಯಲ್ಲಿ ಬರುತ್ತದೆ. ಅಲ್ಲಿ ಎಲ್ಲ ಪಾತ್ರಗಳ ಮಾತನ್ನೂ ಕ್ನೂತ್ ರೀಸಾನ್ ಎಂಬ ಒಬ್ಬರೇ ನಟ ಓದಿದ್ದಾರೆ. ಸಿಂಡ್ರೆಲ್ಲಾಗೂ ಮಲತಾಯಿಗೂ ಒಂದೇ ಗಂಡುದನಿ, ಜನ ಅದನ್ನೇ ಕಾದು ಕೇಳುತ್ತಾರೆ.

ನಮ್ಮ ಚಂದನ ವಾಹಿನಿ ಇದನ್ನು ಮಾಡಬಹುದು. ದೀಪಾವಳಿಯ ಒಂದು ಸಂಜೆ ‘ಚೆಲುವಿ’ ತೋರಿಸಲಿ, ಎಲ್ಲ ಪಾತ್ರಗಳಿಗೂ ಬೀದರ ಸೀಮೆಯ ಒಬ್ಬ ಅಜ್ಜಿಯ ಕನ್ನಡ ದನಿ ಕೊಡಿಸಲಿ.